ನೂರರಿಂದ ಏಳು ಕಳೆದರೆ

ಬೆಳ್ತಂಗಡಿ ತಾಲೂಕಿನ ಶಾಲೆಗಳಲ್ಲಿ ಮೂವತ್ತಮೂರು ವರ್ಷ ಗಣಿತ ಕಲಿಸಿದವನು ನಾನು. ಹತ್ತನೇ ತರಗತಿಯ ಪರೀಕ್ಷೆಗೆ ನನ್ನನ್ನು ಮೇಲ್ವಿಚಾರಕನಾಗಿ ಹಾಕಿದ್ದಾರೆಂದು ತಿಳಿದರೆ ಕೊಕ್ಕಡದಿಂದ ನೆರಿಯದವರೆಗೆ ಮಕ್ಕಳ ಮುಖ ಸಣ್ಣದಾಗುತ್ತಿತ್ತು. ಅಂಗಿಯ ಕೈಮಡಿಕೆಯಲ್ಲಿ, ಜಾಮಿಟ್ರಿ ಪೆಟ್ಟಿಗೆಯ ಮುಚ್ಚಳದೊಳಗೆ, ಒಮ್ಮೆ ಒಬ್ಬಳ ಜಡೆಯ ರಿಬ್ಬನ್ ಗಂಟಿನಲ್ಲಿ ಕೂಡ ಚೀಟಿ ಹಿಡಿದಿದ್ದೇನೆ. ಅಂಥ ನಾನು ನಿವೃತ್ತನಾಗಿ ಆರು ವರ್ಷದ ಮೇಲೆ, ಮೂಡುಬಿದಿರೆಯ ಒಂದು ಆಸ್ಪತ್ರೆಯಲ್ಲಿ, ನನ್ನ ಹೆಂಡತಿಯ ಕೈಯಲ್ಲೇ ಕಾಪಿ ಹೊಡೆಸಿದೆ. ಬೇಲಿಯೇ ಎದ್ದು ಹೊಲ ಮೇಯ್ದ ಕತೆ. ಇದನ್ನು ಬರೆದಿಡಬೇಕೆಂದು ಬಹಳ ದಿನದಿಂದ ಮನಸ್ಸಿನಲ್ಲಿತ್ತು.

ಅವಳಿಗೆ ಮರೆವು ಹಿಡಿದಿದೆಯೆಂದು ನಮಗೆ ಗೊತ್ತಾದದ್ದು ಒಂದು ಮದುವೆಯ ಊಟದಲ್ಲಿ. ನಾವು ತುಳುವರಲ್ಲಿ ಒಬ್ಬೊಬ್ಬರಿಗೂ ತಾಯಿಯ ಕಡೆಯಿಂದ ಬರುವ ಒಂದು ಬರಿ ಇರುತ್ತದೆ. ಒಂದೇ ಬರಿಯವರೆಂದರೆ ಅಣ್ಣ ತಂಗಿಯರ ಲೆಕ್ಕ, ಅವರೊಳಗೆ ಮದುವೆ ಇಲ್ಲ. ಬಂಟ್ವಾಳದ ಸುತ್ತ ಯಾರದು ಯಾವ ಬರಿ ಎಂಬುದು ನನ್ನ ಹೆಂಡತಿಯ ನಾಲಗೆಯ ತುದಿಯಲ್ಲಿತ್ತು. ಹೆಣ್ಣು ನೋಡಲು ಹೊರಡುವ ಮೊದಲು ಜನ ನಮ್ಮ ಮನೆಗೆ ಬಂದು ಅವಳನ್ನು ಕೇಳಿ ಹೋಗುತ್ತಿದ್ದರು. ಆ ದಿನ ಪಂಕ್ತಿಯಲ್ಲಿ ಕುಳಿತು ಅವಳು ಒಬ್ಬ ಹುಡುಗನಿಗೆ ಒಬ್ಬಳು ಹುಡುಗಿಯನ್ನು ತಾನಾಗಿಯೇ ಸೂಚಿಸಿದಳು, ಬಹಳ ಉತ್ಸಾಹದಿಂದ. ಇಬ್ಬರದೂ ಒಂದೇ ಬರಿ. ತಮಾಷೆಯೆಂದು ತಿಳಿದು ಎಲ್ಲರೂ ನಕ್ಕರು. ಅವಳೂ ನಕ್ಕಳು, ಆದರೆ ಜನ ಯಾಕೆ ನಗುತ್ತಿದ್ದಾರೆಂದು ಅವಳಿಗೆ ತಿಳಿದಿರಲಿಲ್ಲ. ಆ ದಿನ ನನ್ನ ಪಾಯಸ ಎಲೆಯಲ್ಲೇ ಉಳಿಯಿತು.

ಮಂಗಳೂರಿನ ತಜ್ಞರು ತಲೆಯ ಸ್ಕ್ಯಾನ್ ಮಾಡಿಸಿ ಅಲ್ಝೈಮರ್ ಎಂದರು. ಪೂರ್ತಿ ಗುಣಪಡಿಸುವ ಮದ್ದು ಇಲ್ಲ, ಆದರೆ ಒಂದು ಹೊಸ ಗುಳಿಗೆಯ ಪ್ರಯೋಗ ನಡೆಯುತ್ತಿದೆ, ಬಂಟ್ವಾಳ, ಬೆಳ್ತಂಗಡಿ ಕಡೆಯವರಿಗಾಗಿ ತಿಂಗಳಿಗೊಮ್ಮೆ ಮೂಡುಬಿದಿರೆಯಲ್ಲೇ ತಪಾಸಣೆ ಇಡುತ್ತಾರೆ ಎಂದು ತಿಳಿಸಿದವರೂ ಅವರೇ. ಎರಡು ಸಾವಿರದ ಇಸವಿ ದಾಟಿ ಎರಡೋ ಮೂರೋ ವರ್ಷವಾಗಿತ್ತು. ಮಗ ಬ್ಯಾಂಕಿಗೆ ರಜೆ ಹಾಕುತ್ತೇನೆಂದ. ಬೇಡವೆಂದೆ. ಸಿದ್ದಕಟ್ಟೆ ದಾರಿಯಾಗಿ ಹೋಗುವ ಬಸ್ಸು ಹತ್ತಿ ನಾವಿಬ್ಬರೇ ಹೋದೆವು.

ಪ್ರಯೋಗ ನೋಡಿಕೊಳ್ಳುತ್ತಿದ್ದ ಡಾಕ್ಟರಮ್ಮ ಧಾರವಾಡದ ಕಡೆಯವರು, ನಲವತ್ತರ ಆಚೀಚೆಯ ವಯಸ್ಸು, ಕೆಲಸದಲ್ಲಿ ಚುರುಕು. ಅವರು ವಿವರಿಸಿದ ಕ್ರಮ ನನ್ನಂಥ ಲೆಕ್ಕದ ಮನುಷ್ಯನಿಗೆ ಬಹಳ ಹಿಡಿಸಿತು. ಅರ್ಧ ಜನರಿಗೆ ನಿಜವಾದ ಗುಳಿಗೆ, ಉಳಿದರ್ಧ ಜನರಿಗೆ ನೋಡಲು ಅದೇ ತರಹದ, ಒಳಗೆ ಮದ್ದಿಲ್ಲದ ಗುಳಿಗೆ. ಯಾರಿಗೆ ಯಾವುದು ಹೋಗುತ್ತಿದೆಯೆಂದು ಡಾಕ್ಟರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಅದರ ಪಟ್ಟಿ ಬೇರೆ ಕಡೆ ಮುಚ್ಚಿಟ್ಟಿರುತ್ತದೆ, ಪ್ರಯೋಗ ಮುಗಿದ ಮೇಲೆಯೇ ತೆರೆಯುವುದು. ಅಲ್ಲಿಯವರೆಗೆ ತಿಂಗಳು ತಿಂಗಳು ನೆನಪಿನ ಪರೀಕ್ಷೆ. ಪರೀಕ್ಷೆಯ ಪ್ರಶ್ನೆಗಳ ಬಗ್ಗೆ ಮನೆಯಲ್ಲಿ ಮಾತಾಡಬಾರದು ಎಂದು ಅವರು ಮೊದಲೇ ಹೇಳಿದ್ದರು. ನಾನು ತಲೆಯಾಡಿಸಿದ್ದೆ. ಹಾಗಾಗಿ ತಿಳಿಯದೆ ಮಾಡಿದ ತಪ್ಪು ಎಂದು ಹೇಳಿ ತಪ್ಪಿಸಿಕೊಳ್ಳುವ ದಾರಿ ನನಗಿಲ್ಲ.

ಒಪ್ಪಿಗೆ ಪತ್ರದ ಕನ್ನಡವನ್ನು ನಾನೇ ಎರಡು ಸಲ ಓದಬೇಕಾಯಿತು. ನನ್ನ ಸಹಿ ಸಾಲದು, ಅವಳ ಒಪ್ಪಿಗೆ ಬೇರೆಯೇ ಬೇಕೆಂದರು ಡಾಕ್ಟರಮ್ಮ. ಬಸ್ಸಿನಲ್ಲಿ ಕಿಟಕಿ ಬದಿಯ ಸೀಟು ಸಿಗುವುದಾದರೆ ತಾನು ಪ್ರತಿ ತಿಂಗಳೂ ಬರುತ್ತೇನೆಂದಳು ಇವಳು. ಅದು ಒಪ್ಪಿಗೆಯಾಗುವುದಿಲ್ಲವೆಂದು ಡಾಕ್ಟರಮ್ಮ ಮತ್ತೆ ಮೊದಲಿನಿಂದ, ಒಂದೊಂದೇ ಮಾತು ಬಿಡಿಸಿ, ಇದು ಹೊಸ ಮದ್ದು, ಹೊಟ್ಟೆ ಕೆಡಬಹುದು, ಬೇಡವೆನಿಸಿದ ದಿನ ಬಿಡಬಹುದು ಎಂದು ಹೇಳಿದರು. ನಾನು ತುಳುವಿಗೆ ತಿರುಗಿಸಿದೆ. ಇವಳು ಕೇಳಿ, ಸ್ವಲ್ಪ ಯೋಚಿಸಿ, ಆಗಬಹುದು ಎಂದು ಸಹಿ ಹಾಕಿದಳು.

ಮೊದಲ ಪರೀಕ್ಷೆಯಲ್ಲೇ ನನಗೆ ಪಿತ್ತ ನೆತ್ತಿಗೇರಿತು. ಇದು ಯಾವ ತಿಂಗಳು ಎಂದು ಕೇಳಿದರೆ ಇವಳು ಸೋಣ ಎಂದಳು. ತುಳುವರ ಲೆಕ್ಕದಲ್ಲಿ ಅದು ಸೋಣ ತಿಂಗಳೇ. ಡಾಕ್ಟರಮ್ಮನ ಪೆನ್ನು ತಪ್ಪು ಹಾಕಲು ಹೊರಟಿತು. ಈಗ ಎಲ್ಲಿದ್ದೀರಿ ಎಂದದ್ದಕ್ಕೆ ಬೆದ್ರ ಎಂದಳು. ನಾವು ತುಳುವಿನಲ್ಲಿ ಮೂಡುಬಿದಿರೆಯನ್ನು ಕರೆಯುವುದೇ ಹಾಗೆ. ಎರಡಕ್ಕೂ ನಾನು ಎದ್ದು ನಿಂತು ವಾದ ಮಾಡಿದೆ. ಡಾಕ್ಟರಮ್ಮ ನ್ಯಾಯಸ್ಥರು, ಕೇಳಿ ತಿಳಿದುಕೊಂಡು ಅಂಕ ಕೊಟ್ಟರು. ಅಷ್ಟಾದರೂ ಕೊನೆಗೆ ಮೂವತ್ತಕ್ಕೆ ಹದಿನೇಳು. ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಎಂದರೆ, ಇವಳು ತೊಂಬತ್ತಮೂರರ ತನಕ ಹೋಗಿ ನನ್ನ ಮುಖ ನೋಡುತ್ತಾ ಕುಳಿತಿದ್ದಳು. ಗಣಿತದ ಮಾಸ್ಟರನ ಹೆಂಡತಿ!

ಹಿಂದಿರುಗುವಾಗ ಅವಳು ಕಿಟಕಿಯಿಂದ ಹೊರಗೆ ನೋಡುತ್ತಾ ಖುಷಿಯಾಗಿದ್ದಳು. ನಾನು ಬಸ್ ಟಿಕೆಟಿನ ಹಿಂದೆ, ಆಸ್ಪತ್ರೆಯ ಚೀಟಿಯ ಹಿಂದೆ, ನೆನಪಿದ್ದ ಪ್ರಶ್ನೆಗಳನ್ನೆಲ್ಲ ಬರೆದುಕೊಳ್ಳುತ್ತಿದ್ದೆ. ಪರೀಕ್ಷೆಯಲ್ಲಿ ಹಿಂದೆ ಬಿದ್ದವರಿಗೆ ವಿಶೇಷ ತರಗತಿ ನಡೆಸುವುದು ನಮ್ಮ ಜಿಲ್ಲೆಯ ಶಾಲೆಗಳ ರಕ್ತದಲ್ಲೇ ಇರುವ ರೋಗ. ಫಲಿತಾಂಶದ ಪಟ್ಟಿಯಲ್ಲಿ ಒಂದು ಸ್ಥಾನ ಕೆಳಗೆ ಬಂದರೆ ನಾವು ಯಾರಿಗೂ ಮುಖ ತೋರಿಸುವವರಲ್ಲ. ಮದ್ದು ಒಳಗಿನಿಂದ ಕೆಲಸ ಮಾಡಲಿ, ನಾನು ಹೊರಗಿನಿಂದ ಮಾಡುತ್ತೇನೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮರುದಿನವೇ ಬಂಟ್ವಾಳ ಪೇಟೆಯಿಂದ ಒಂದು ಸ್ಲೇಟು, ಒಂದು ಪೆಟ್ಟಿಗೆ ಕಡ್ಡಿ ತಂದೆ.

ತರಗತಿ ಸಂಜೆ ಐದರಿಂದ ಆರು, ಚಾವಡಿಯಲ್ಲಿ. ನೆನಪಿಡಬೇಕಾದ ಮೂರು ಶಬ್ದ ಸೌತೆಕಾಯಿ, ಕನ್ನಡಿ, ದೋಣಿ. ಸೌತೆಕಾಯಿ ಕನ್ನಡಿ ನೋಡಿಕೊಂಡು ದೋಣಿ ಹತ್ತಿತು ಎಂದು ಒಂದು ಕತೆ ಕಟ್ಟಿದೆ. ಅವಳು ಬಿದ್ದು ಬಿದ್ದು ನಕ್ಕಳು. ಮರುದಿನ ಹೇಳಿದಾಗಲೂ ಹಾಗೇ ನಕ್ಕಳು. ಅವಳಿಗೆ ಅದು ಪ್ರತಿ ಸಂಜೆಯೂ ಹೊಸ ಕತೆ. ಮೂವತ್ತಮೂರು ವರ್ಷ ಒಂದೇ ಜೋಕನ್ನು ತರಗತಿಯಿಂದ ತರಗತಿಗೆ ಹೊತ್ತು ಸುಸ್ತಾದವನಿಗೆ ಇಂಥ ವಿದ್ಯಾರ್ಥಿನಿ ಸಿಕ್ಕರೆ ಹಬ್ಬವೇ ಸರಿ. ಏಳರ ಕಳೆಯುವಿಕೆಯನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದೆ: ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು, ಎಪ್ಪತ್ತೆರಡು, ಅರವತ್ತೈದು. ತೊಡೆ ತಟ್ಟಿಕೊಂಡು ರಾಗವಾಗಿ ಹೇಳುತ್ತಿದ್ದಳು. ಒಂದು ದಿನ ಸುಮ್ಮನೆ, ನೂರರಿಂದ ಆರು ಕಳೆದರೆ ಎಷ್ಟು ಎಂದು ಕೇಳಿದೆ. ತೊಂಬತ್ತಮೂರು ಎಂದಳು. ನಾನು ಕೇಳಿಸದವನ ಹಾಗೆ ಮುಂದಿನ ಪ್ರಶ್ನೆಗೆ ಹೋದೆ.

ಒಂದು ವಿಷಯ ಒಪ್ಪಿಕೊಳ್ಳಬೇಕು. ಆ ಒಂದು ಗಂಟೆ ನನಗೆ ಬಹಳ ಸುಖವಾಗಿತ್ತು. ಮದುವೆಯಾಗಿ ಮೂವತ್ತೇಳು ವರ್ಷದಲ್ಲಿ ನಾವಿಬ್ಬರೂ ಎದುರುಬದುರು ಒಂದು ಗಂಟೆ ಕುಳಿತದ್ದೇ ಇಲ್ಲ. ನನಗೆ ಯಾವಾಗಲೂ ನೋಟ್ಸ್ ತಿದ್ದುವುದು, ಟ್ಯೂಷನ್, ಸಂಘದ ಸಭೆ. ಮನೆಯಲ್ಲಿದ್ದ ಹೊತ್ತು ಸಾರಿಗೆ ಉಪ್ಪು ಕಡಿಮೆ, ಅಂಗಿಯ ಇಸ್ತ್ರಿ ಸರಿಯಿಲ್ಲ ಎಂದು ರೇಗುವುದಕ್ಕೇ ಸರಿಹೋಗುತ್ತಿತ್ತು. ಅವಳು ಉತ್ತರ ಕೊಟ್ಟವಳಲ್ಲ. ಈಗ ಐದು ಗಂಟೆಯಾದರೆ ಸೀರೆಯ ನೆರಿಗೆ ಸರಿಮಾಡಿಕೊಂಡು, ಸ್ಲೇಟು ಹಿಡಿದು, ಇವತ್ತು ಕ್ಲಾಸ್ ಇಲ್ಲವಾ ಮಾಸ್ಟ್ರೇ ಎಂದು ತಾನೇ ಬಂದು ಕೂರುತ್ತಿದ್ದಳು. ಕಡ್ಡಿ ಕಚ್ಚುವ ಅಭ್ಯಾಸ ಒಂದಿತ್ತು, ಅದನ್ನೂ ನಾನು ಬಿಡಿಸಲಿಲ್ಲ.

ಅಂಕ ಏರಿತು. ಎರಡನೇ ತಿಂಗಳು ಇಪ್ಪತ್ತು, ಮೂರನೇ ತಿಂಗಳು ಇಪ್ಪತ್ಮೂರು. ಡಾಕ್ಟರಮ್ಮ ಹಿಂದಿನ ಹಾಳೆ, ಈಗಿನ ಹಾಳೆ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ ಬಾಳ ಚಲೋ ಆಗೇದ ಎಂದರು. ನಾನು ಉಬ್ಬಿದೆ. ಬಸ್ ಸ್ಟ್ಯಾಂಡಿನಲ್ಲಿ, ಮೆಡಿಕಲ್ ಅಂಗಡಿಯಲ್ಲಿ, ಕ್ಷೌರದ ಅಂಗಡಿಯಲ್ಲಿ, ಕೇಳಿದವರಿಗೂ ಕೇಳದವರಿಗೂ ಹೊಸ ಗುಳಿಗೆಯ ಮಹಿಮೆ ಹೇಳಿದೆ. ಮೊದಲ ವಾರಗಳಲ್ಲಿ ಅವಳಿಗೆ ವಾಂತಿ ಬರುತ್ತಿತ್ತು. ಹಾಗಾದರೆ ಸಿಕ್ಕಿದ್ದು ನಿಜವಾದ ಮದ್ದೇ ಎಂದು ಸಂತೋಷಪಟ್ಟ ಮೂರ್ಖನೂ ನಾನೇ. ವಿಚಿತ್ರವೆಂದರೆ, ಹೇಳುತ್ತಾ ಹೇಳುತ್ತಾ ನನಗೇ ನಂಬಿಕೆ ಬಂದಿತ್ತು. ಅವಳು ಗುಣವಾಗುತ್ತಿದ್ದಾಳೆ, ಇನ್ನೊಂದು ವರ್ಷದಲ್ಲಿ ಮೊದಲಿನ ಹಾಗೆ ಆಗುತ್ತಾಳೆ ಎಂದು.

ಸತ್ಯ ಹೇಳಿದವಳು ಸೊಸೆ. ಒಂದು ಬೆಳಿಗ್ಗೆ ನನ್ನ ಲೋಟವನ್ನು ಮೆಲ್ಲನೆ ಬದಲಿಸಿ ಬೇರೆ ಚಾ ಇಟ್ಟಳು.

"ಮಾವ, ಮಾಮಿ ನೂರರಿಂದ ಏಳು ಚಂದ ಕಳೀತಾರೆ. ಆದ್ರೆ ಚಾಕ್ಕೆ ಉಪ್ಪು ಹಾಕ್ತಾರೆ. ಮೊನ್ನೆಯಿಂದ ಸ್ಟವ್ ಹತ್ರ ನಾನು ಬಿಡುವುದಿಲ್ಲ."

ನನಗೆ ಸಿಟ್ಟು ಬಂತು. ಎರಡು ದಿನ ಸೊಸೆಯೊಡನೆ ಮಾತು ಬಿಟ್ಟೆ. ಅವಳು ಅದಕ್ಕೂ ಬೇಸರಿಸದೆ ಹೊತ್ತುಹೊತ್ತಿಗೆ ಬಡಿಸಿದಳು. ಮನೆಯಲ್ಲಿ ನಡೆಯುವುದೆಲ್ಲ ಅವಳ ಕಣ್ಣೆದುರಿಗೇ ಇತ್ತು, ನನ್ನ ಕಣ್ಣು ಮಾತ್ರ ಅಂಕದ ಮೇಲಿತ್ತು.

ನಾಲ್ಕನೇ ತಿಂಗಳು ಮೂಡುಬಿದಿರೆಗೆ ಹೋದಾಗ ಬೆಂಚಿನ ಮೇಲೆ ನಮ್ಮ ಪಕ್ಕದಲ್ಲಿ ಒಬ್ಬ ಬ್ಯಾರಿ ವ್ಯಾಪಾರಿ ಕುಳಿತಿದ್ದರು, ಜೊತೆಗೆ ಅವರ ತಾಯಿ. ಬೆಳ್ತಂಗಡಿಯಿಂದ ವೇಣೂರು ದಾರಿಯಾಗಿ ಬಂದವರು. ಮಗ ಇರುವುದು ಸೌದಿಯ ದಮ್ಮಾಮಿನಲ್ಲಿ, ರಜೆ ಮುಗಿಯಲು ಎರಡು ವಾರವೂ ಇರಲಿಲ್ಲ. ತಾಯಿಗೆ ಇದೇ ಕಾಯಿಲೆ. ಬಂಟ್ವಾಳದ ಮೆಡಿಕಲ್ ಅಂಗಡಿಯವರು ನನ್ನ ಹೆಂಡತಿಯ ವಿಷಯ ಹೇಳಿ ಕಳುಹಿಸಿದ್ದರಂತೆ. ಆ ತಾಯಿ ತಲೆಗೆ ಹೊದೆಯುವ ಬಿಳಿ ತಟ್ಟವನ್ನು ಮುಂದಕ್ಕೆ ಎಳೆದುಕೊಂಡು ನನ್ನ ಹೆಂಡತಿಯ ಬಳೆಗಳನ್ನು ಎಣಿಸುತ್ತಿದ್ದರು. ಇವಳು ಎಣಿಸಲು ಕೈ ಕೊಟ್ಟು ಕುಳಿತಿದ್ದಳು.

"ಮಾಸ್ಟ್ರೇ, ಒಂದು ಮಾತು ಕೇಳ್ತೇನೆ, ಬೇಜಾರು ಮಾಡ್ಬೇಡಿ" ಎಂದರು ಅವರು. "ನಿಮ್ಮವರಿಗೆ ನಿಜಕ್ಕೂ ಗುಣ ಉಂಟಾ? ಉಮ್ಮನ ಹೊಟ್ಟೆ ಬಹಳ ಸೂಕ್ಷ್ಮ, ಮದ್ದು ಹೊಸತು, ನನಗೆ ಹೆದರಿಕೆ. ನೀವು ಉಂಟು ಅಂತ ಹೇಳಿದ್ರೆ ಇವತ್ತೇ ಸೇರಿಸ್ತೇನೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವರು ಸಂಶಯದಿಂದ ಕೇಳಿದ್ದಲ್ಲ, ನಂಬಿ ಕೇಳಿದ್ದು. ನನ್ನ ಕೈ ಮಾತ್ರ ತಾನಾಗಿಯೇ ಪ್ರಶ್ನೆಗಳ ಚೀಟಿಯಿದ್ದ ಜೇಬಿನ ಮೇಲೆ ಹೋಯಿತು. ಉಂಟು ಎಂದರೆ ಆ ತಾಯಿಯ ಹೊಟ್ಟೆಗೆ ಹೋಗುವ ಗುಳಿಗೆಗೆ ನನ್ನ ಸುಳ್ಳು ಜಾಮೀನು. ಇಲ್ಲ ಎಂದರೆ ಯಾಕೆ ಇಲ್ಲವೆಂದು ಒಳಗೆ ಹೋಗಿ ಹೇಳಬೇಕು, ಹೇಳಿದರೆ ನನ್ನ ಹೆಂಡತಿಯನ್ನು ಪ್ರಯೋಗದಿಂದ ತೆಗೆದುಹಾಕಬಹುದು. ನಿಜವಾದ ಮದ್ದೇ ಸಿಕ್ಕಿದ್ದರೆ ಅದೂ ನಿಲ್ಲುತ್ತದೆ. ಅವಳಿಗೆಂದು ನಮ್ಮ ಮುಂದೆ ಇದ್ದದ್ದು ಆ ಗುಳಿಗೆಯೊಂದೇ ದಾರಿ. ಒಂದೈದು ನಿಮಿಷ ಕುಳಿತಿರಿ, ಒಳಗೆ ಹೋಗಿ ಬಂದು ಹೇಳುತ್ತೇನೆ ಎಂದೆ. ಎದ್ದು ಡಾಕ್ಟರಮ್ಮನ ಬಾಗಿಲಿಗೆ ನಡೆದೆ. ನನ್ನ ಕೈಗೆ ಸಿಕ್ಕಿಬಿದ್ದ ಮಕ್ಕಳಿಗೆ ಹೇಗಾಗುತ್ತಿತ್ತೆಂದು ಆ ದಿನ ಗೊತ್ತಾಯಿತು.

ಟಿಕೆಟು, ಚೀಟಿ ಎಲ್ಲವನ್ನೂ ಡಾಕ್ಟರಮ್ಮನ ಮೇಜಿನ ಮೇಲಿಟ್ಟೆ.

"ಈ ಅಂಕಗಳು ಅವಳದಲ್ಲ ಡಾಕ್ಟ್ರೇ, ನನ್ನದು. ದಿನಾ ಒಂದು ಗಂಟೆ ಹೇಳಿಕೊಟ್ಟಿದ್ದೇನೆ."

ಅವರು ಚೀಟಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು. ಬೈದಿದ್ದರೆ ಸುಲಭವಾಗುತ್ತಿತ್ತು.

"ಸರ್, ನೀವು ಗಣಿತದ ಮಾಸ್ತರು" ಎಂದರು. "ತಕ್ಕಡಿಗೆ ಕೈ ಹಚ್ಚಿದ್ರ ತೂಕ ಹ್ಯಾಂಗ ಗೊತ್ತಾಗ್ತದ್ರಿ?"

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ಎಷ್ಟೋ ಜನರನ್ನು ನಾನೇ ಹಂಗಿಸಿದ್ದುಂಟು. ಅವರು ಚೀಟಿಗಳನ್ನು ಫೈಲಿಗೆ ಸೇರಿಸಿ ಮುಂದಿನ ಕ್ರಮ ತಿಳಿಸಿದರು. ನಡೆದದ್ದನ್ನು ಮೇಲಿನವರಿಗೆ ಬರೆಯಲೇಬೇಕು. ಇವಳನ್ನು ಇಟ್ಟುಕೊಳ್ಳುವುದೋ ಬಿಡುವುದೋ ಅವರ ತೀರ್ಮಾನ. ಅಲ್ಲಿಯವರೆಗೆ ಗುಳಿಗೆ ಮುಂದುವರಿಯಲಿ, ಮುಂದಿನ ತಿಂಗಳು ಬೇರೆ ಪ್ರಶ್ನೆಗಳು. ನಾನು ಹೊರಗೆ ಬಂದು ಬ್ಯಾರಿಗಳ ಎದುರು ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಗುಣ ಉಂಟೋ ಇಲ್ಲವೋ ನನಗೆ ಗೊತ್ತಿಲ್ಲ, ಅಂಕ ಮಾತ್ರ ನಾನು ಹೇಳಿಕೊಟ್ಟದ್ದು, ನೀವು ಡಾಕ್ಟರನ್ನು ಕೇಳಿ ನಿಮ್ಮ ಮನಸ್ಸಿಗೆ ಬಂದಂತೆ ಮಾಡಿ. ಅವರು ಸಿಟ್ಟಾಗುತ್ತಾರೆಂದು ಕಾದೆ. ಅವರು ತಾಯಿಯ ಕಡೆಗೊಮ್ಮೆ, ನನ್ನ ಹೆಂಡತಿಯ ಕಡೆಗೊಮ್ಮೆ ನೋಡಿದರು.

"ಇವರು ಖುಷಿಯಲ್ಲಿ ಇದ್ದಾರಲ್ಲ ಮಾಸ್ಟ್ರೇ. ಆ ಒಂದು ಗಂಟೆ ನೀವು ಏನು ಮಾಡ್ತೀರಿ ಅಂತ ಹೇಳಿ. ಮನೆಯಲ್ಲಿ ಉಮ್ಮನ ಜೊತೆ ಇರುವ ಅಣ್ಣನಿಗೆ ಹೇಳಿಕೊಟ್ಟು ಹೋಗ್ತೇನೆ."

ನಾನು ಹೇಳಿದೆ, ಅವರು ಡೈರಿಯಲ್ಲಿ ಬರೆದುಕೊಂಡರು. ಪರೀಕ್ಷೆಗೆ ಬರುವಂಥದ್ದು ಮಾತ್ರ ಬೇಡ ಮಾರಾಯ್ರೆ ಎಂದು ಎರಡು ಸಲ ಎಚ್ಚರಿಸಿದೆ. ಆ ದಿನ ಬಸ್ಸಿನಲ್ಲಿ ನನಗೆ ಬಹಳ ದಿನಗಳ ಮೇಲೆ ಒಳ್ಳೆಯ ನಿದ್ದೆ ಬಂತು, ನಮ್ಮ ಸ್ಟಾಪು ಬಂದಾಗ ಎಬ್ಬಿಸಿದವಳು ಅವಳೇ.

ಮರುದಿನ ಐದು ಗಂಟೆಗೆ ಅವಳು ಸ್ಲೇಟು ಹಿಡಿದು ಬಂದಳು. ಕಲಿಸಲು ನನ್ನಲ್ಲಿ ಏನೂ ಇರಲಿಲ್ಲ. ಇವತ್ತು ನೀನು ಹೇಳು, ನಾನು ಬರೆಯುತ್ತೇನೆ ಎಂದೆ. ಅವಳು ಬರಿಗಳನ್ನು ಹೇಳತೊಡಗಿದಳು, ಯಾರ ಮನೆಗೆ ಯಾವುದು, ಯಾರ ಅಜ್ಜಿ ಎಲ್ಲಿಂದ ಬಂದವರು ಎಂದು. ಅರ್ಧಕ್ಕರ್ಧ ತಪ್ಪು. ಬಿಡದೆ ತಿದ್ದುವ ಚಟ ನನಗೆ, ಕೈ ತುರಿಸುತ್ತಿತ್ತು. ಆದರೆ ಅವಳ ಮುಖ ನೋಡಿದರೆ ತಿದ್ದಬೇಕೆನಿಸುತ್ತಿರಲಿಲ್ಲ. ಇಡೀ ತಿಂಗಳು ತಪ್ಪುತಪ್ಪಾಗಿಯೇ ಬರೆದೆ. ಸೊಸೆ ಒಳಗಿನಿಂದ ಬಂದು ಕುಳಿತು ಕೇಳುತ್ತಿದ್ದಳು. ನಗೆಗೇನೂ ಕೊರತೆಯಿರಲಿಲ್ಲ.

ಮುಂದೆ ಏನಾಯಿತೆಂದು ಈಗಲೇ ಹೇಳಿಬಿಡುತ್ತೇನೆ. ಹಿಂದಿನ ಅಂಕಗಳನ್ನು ಹೊಡೆದುಹಾಕಿ ಅವಳನ್ನು ಪ್ರಯೋಗದಲ್ಲಿ ಉಳಿಸಿಕೊಂಡರು. ಒಂದೂವರೆ ವರ್ಷದ ಮೇಲೆ ಪ್ರಯೋಗವೇ ನಿಂತಿತು. ಗುಳಿಗೆಯಿಂದ ಯಾರಿಗೂ ಹೇಳಿಕೊಳ್ಳುವಂಥ ಪ್ರಯೋಜನ ಕಾಣಲಿಲ್ಲವಂತೆ. ಪಟ್ಟಿ ತೆರೆದು ನೋಡಿದಾಗ ಇವಳಿಗೆ ಸಿಕ್ಕಿದ್ದು ನಿಜವಾದ ಮದ್ದೇ ಆಗಿತ್ತು. ನನ್ನ ಇಪ್ಪತ್ಮೂರು ಅಂಕ ಹಾಗೇ ಉಳಿದಿದ್ದರೆ ಕೆಲಸ ಮಾಡದ ಮದ್ದಿನ ಪರವಾಗಿ ಒಂದು ಸುಳ್ಳು ಸಾಕ್ಷಿ ನಿಲ್ಲುತ್ತಿತ್ತು. ದುಃಖವಾಯಿತು, ಇಲ್ಲವೆನ್ನುವುದಿಲ್ಲ. ಕೆಲಸ ಮಾಡುವುದಿಲ್ಲ ಎಂದು ಖಚಿತವಾಗಿ ತಿಳಿಯುವುದೂ ಒಂದು ಉತ್ತರವೇ, ಅದನ್ನು ಸರಿಯಾಗಿ ತಿಳಿಯಲು ಇವಳ ಸಾಚಾ ಅಂಕವೂ ಬೇಕಿತ್ತು ಎಂದು ಡಾಕ್ಟರಮ್ಮ ಹೇಳಿದ್ದರಿಂದ ಮನಸ್ಸು ಹಗುರವಾಯಿತು. ಆಮೇಲೆ ಅವಳು ಇನ್ನೂ ನಾಲ್ಕು ವರ್ಷ ನಮ್ಮೊಡನಿದ್ದಳು, ಹೆಚ್ಚಿನ ದಿನಗಳು ಚೆನ್ನಾಗಿಯೇ ಇದ್ದವು.

ಆದರೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟುವುದು ಐದನೇ ತಿಂಗಳ ಆ ಪರೀಕ್ಷೆ. ಡಾಕ್ಟರಮ್ಮ ನನ್ನನ್ನು ಅವಳ ಹಿಂದೆ, ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. ಬಾಯಿ ತೆರೆಯುವುದಿಲ್ಲ, ತಲೆ ಕೂಡ ಅಲ್ಲಾಡಿಸುವುದಿಲ್ಲ ಎಂದು ಮಾತು ಕೊಟ್ಟೆ. ಶಬ್ದಗಳು ಹೊಸವು, ಮೂರರಲ್ಲಿ ಒಂದೂ ಅವಳಿಗೆ ನಿಲ್ಲಲಿಲ್ಲ. ನೂರರಿಂದ ಮೂರು ಕಳೆಯಿರಿ ಎಂದರೆ ತೊಡೆ ತಟ್ಟಿಕೊಂಡು ತೊಂಬತ್ತಮೂರು, ಎಂಬತ್ತಾರು ಎಂದು ರಾಗ ಹಾಡಿದಳು. ನಾನು ಮೊಣಕಾಲು ಹಿಡಿದುಕೊಂಡು ಕುಳಿತಿದ್ದೆ. ಲೆಕ್ಕ ಹಾಕಿದರೆ ಹದಿನಾಲ್ಕು ದಾಟುವುದಿಲ್ಲವೆಂದು ಗೊತ್ತಾಗಿತ್ತು.

ಕೊನೆಯ ಪ್ರಶ್ನೆ ಹಳೆಯ ಹಾಳೆಯಲ್ಲಿ ಇರಲಿಲ್ಲ. ಮನಸ್ಸಿಗೆ ಬಂದದ್ದನ್ನು ಒಂದು ವಾಕ್ಯದಲ್ಲಿ ಬರೆಯಬೇಕು. ಅವಳು ಪೆನ್ನು ಹಿಡಿದು ಬಹಳ ಹೊತ್ತು ಯೋಚಿಸಿದಳು. ಏಳನೇ ತರಗತಿಯವರೆಗೆ ಓದಿದ ಗುಂಡು ಗುಂಡು ಅಕ್ಷರದಲ್ಲಿ ನಿಧಾನಕ್ಕೆ ಬರೆದಳು. ಡಾಕ್ಟರಮ್ಮ ಓದಿ ಹಾಳೆಯನ್ನು ನನ್ನ ಕಡೆಗೆ ತಿರುಗಿಸಿ ಹಿಡಿದರು.

"ಈ ಮಾಸ್ಟ್ರು ಬೈಯುವುದಿಲ್ಲ, ದಿನಾ ಬರುತ್ತಾರೆ."

ಮಾಸ್ಟರೂ ಗಂಡನೂ ಒಬ್ಬನೇ ಎಂದು ಅವಳಿಗೆ ಆಗ ತಿಳಿದಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಗಂಡನಿಗೆ ಮೂವತ್ತೇಳು ವರ್ಷದಲ್ಲಿ ಇಂಥ ಮಾತು ಸಿಕ್ಕಿರಲಿಲ್ಲ, ಸಿಗುವ ಯೋಗ್ಯತೆಯೂ ಇರಲಿಲ್ಲ. ನನಗೆ ಅಳು ಬಂತು, ಅದರೊಟ್ಟಿಗೇ ಹೇಳಲಾರದಷ್ಟು ಸಂತೋಷವೂ ಆಯಿತು. ಅವಳು ಕುರ್ಚಿಯಲ್ಲೇ ಹಿಂದಕ್ಕೆ ತಿರುಗಿ ನನ್ನನ್ನು ಕೇಳಿದಳು.

"ಬರೆದದ್ದು ಸರಿ ಉಂಟಾ?"

ತಲೆ ಅಲ್ಲಾಡಿಸುವುದಿಲ್ಲವೆಂದು ಮಾತು ಕೊಟ್ಟಿದ್ದೆ. ಆದರೂ ಅಲ್ಲಾಡಿಸಿದೆ. ಡಾಕ್ಟರಮ್ಮ ನೋಡಿಯೂ ನೋಡದ ಹಾಗೆ ಹಾಳೆ ಮಗುಚಿದರು.